ಕೈಗೆ ಎಟುಕುವ ಹಾಗೆ ಇಡಿ: ವಾರ್ಡಿನಲ್ಲಿ ಸೋಂಕು ತಡೆದ ನನ್ನ ಅನುಭವ

ನಾನು ಆಸ್ಪತ್ರೆಯಲ್ಲಿ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್. ಒಂದು ಕಾಯಿಲೆಗೆ ಅಂತ ಅಡ್ಮಿಟ್ ಆದವರು ಇಲ್ಲೇ ಇನ್ನೊಂದನ್ನು ಹತ್ತಿಸಿಕೊಳ್ಳದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಬರುವ ಸಿಸ್ಟರ್‌ಗಳು ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಾರ್ಡಿನಲ್ಲಿ ಸುಮ್ನೆ ಒಂದು ಕಡೆ ನಿಂತು ನೋಡಿ. ಹ್ಯಾಂಡ್ ರಬ್, ಅಂದರೆ ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರಾವಣದ ಬಾಟಲಿ ಎಲ್ಲಿದೆ? ನಮ್ಮಲ್ಲಿ ನರ್ಸಿಂಗ್ ಸ್ಟೇಷನ್ ಮೇಜಿನ ಮೇಲಿತ್ತು. ಕೊನೆಯ ಬೆಡ್ಡಿನ ಹತ್ತಿರ ಇರುವ ಸಿಸ್ಟರ್ ಪ್ರತಿ ಸಲ ಅಲ್ಲಿಗೆ ನಡೆದು ಬಂದು, ಕೈಗೆ ಹಾಕಿಕೊಂಡು, ಮತ್ತೆ ವಾಪಸ್ ಹೋಗಬೇಕು. ಒಬ್ಬರೇ ಅಷ್ಟೊಂದು ರೋಗಿಗಳನ್ನು ನೋಡಿಕೊಳ್ಳುವ ರಾತ್ರಿ ಪಾಳಿಯಲ್ಲಿ ಇದು ಆಗುವ ಮಾತೇ ಅಲ್ಲ. ಕೈ ತೊಳೆಯಿರಿ ಅಂತ ಗೋಡೆ ತುಂಬಾ ಪೋಸ್ಟರ್ ಅಂಟಿಸಿದರೂ ಅಷ್ಟೇ. ಅದಕ್ಕೆ ಪ್ರತಿ ಮಂಚದ ಕಾಲ್ಗಡೆಗೂ ಒಂದೊಂದು ಬಾಟಲಿ ಕಟ್ಟಿಸಿದೆವು. ಡ್ರೆಸ್ಸಿಂಗ್ ಟ್ರಾಲಿಗೂ ಒಂದು. ಯಾರಿಗೂ ಭಾಷಣ ಮಾಡದೆಯೇ ಬಳಕೆ ಜಾಸ್ತಿ ಆಯಿತು. ಬಾಟಲಿಗಳು ಬೇಗ ಖಾಲಿಯಾಗತೊಡಗಿದವು, ನನಗೆ ಅದೇ ಖುಷಿ.

ಸ್ಟೋರಿಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದ ರಬ್ ಬರುವುದು ತಡವಾದರೆ? ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಇದೆ. ಫಾರ್ಮಸಿಸ್ಟ್ ಇರುವ ಯಾವ ಆಸ್ಪತ್ರೆಯೂ ಮಾಡಿಕೊಳ್ಳಬಹುದು. 10 ಲೀಟರಿಗೆ ಶೇ 96ರ ಎಥನಾಲ್ 8,333 ಮಿ.ಲೀ., ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., ಶೇ 98ರ ಗ್ಲಿಸರಿನ್ 145 ಮಿ.ಲೀ., ಮಿಕ್ಕಿದ್ದು ಡಿಸ್ಟಿಲ್ಡ್ ನೀರು ಅಥವಾ ಕುದಿಸಿ ಆರಿಸಿದ ನೀರು. ಬಾಟಲಿಗೆ ತುಂಬಿದ ಮೇಲೆ 72 ಗಂಟೆ ಹಾಗೇ ಬಿಡಬೇಕು. ಆಲ್ಕೋಹಾಲಿನಲ್ಲೋ ಬಾಟಲಿಯಲ್ಲೋ ಬ್ಯಾಕ್ಟೀರಿಯಾದ ಬೀಜಕಣ ಉಳಿದಿದ್ದರೆ ಪೆರಾಕ್ಸೈಡ್ ಅದನ್ನು ಸಾಯಿಸಲು ಅಷ್ಟು ಹೊತ್ತು ಬೇಕು. ಗ್ಲಿಸರಿನ್ ಮಾತ್ರ ತಪ್ಪಿಸಬೇಡಿ, ಕೈ ಒಡೆದು ಉರಿದರೆ ಯಾರೂ ಮತ್ತೆ ಆ ಬಾಟಲಿ ಮುಟ್ಟುವುದಿಲ್ಲ. ಬೆಂಕಿಯಿಂದ ದೂರ ಇಡಿ. ರಬ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು. ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ ಇದ್ದರೆ, ಅಥವಾ ಭೇದಿ ಆಗುತ್ತಿರುವ ರೋಗಿಯನ್ನು ಮುಟ್ಟಿದ್ದರೆ, ಸೋಪು-ನೀರೇ ಬೇಕು.

ಗ್ಲೌಸ್ ವಿಷಯದಲ್ಲಿ ನಾನು ಬಹಳ ಗಟ್ಟಿ. ಒಂದೇ ಜೊತೆ ಗ್ಲೌಸ್ ಹಾಕಿಕೊಂಡು ನಾಲ್ಕು ಬೆಡ್ ಸುತ್ತಿ, ಅದೇ ಕೈಯಲ್ಲಿ ಫೋನ್ ಎತ್ತಿ, ಕೇಸ್ ಶೀಟ್ ತೆಗೆಯುವವರನ್ನು ನೀವೂ ನೋಡಿರುತ್ತೀರಿ, ಅಲ್ವಾ? ಅದರಿಂದ ಸಿಸ್ಟರ್ ಕೈ ಸ್ವಚ್ಛವಾಗಿರುತ್ತದೆ, ರೋಗಿಗೆ ಏನೂ ಲಾಭವಿಲ್ಲ. ಒಬ್ಬ ರೋಗಿಗೆ ಒಂದು ಜೊತೆ, ತೆಗೆದ ಮೇಲೆ ಮತ್ತೆ ರಬ್.

ಇನ್ನು ನಳಿಕೆಗಳು. ನನ್ನ ಪ್ರಕಾರ ಹೆಚ್ಚು ಫಲ ಕೊಟ್ಟಿದ್ದು ಇಲ್ಲೇ. ಮೂತ್ರದ ಕ್ಯಾಥೆಟರ್ (ಮೂತ್ರಕೋಶದಿಂದ ಬ್ಯಾಗಿಗೆ ಮೂತ್ರ ಹರಿಸುವ ನಳಿಕೆ) ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇ 3ರಿಂದ 7ರಷ್ಟು. ಆದರೆ ಹಾಕುವಾಗ ಇರುವ ಕಾಳಜಿ ತೆಗೆಯುವಾಗ ಇರುವುದಿಲ್ಲ. ಆಪರೇಷನ್ ಆಗಿ ಎದ್ದು ಓಡಾಡುತ್ತಿರುವ ಅಜ್ಜಿಗೂ ಬ್ಯಾಗ್ ಹಾಗೇ ನೇತಾಡುತ್ತಿರುತ್ತದೆ, ಯಾಕೆಂದರೆ ತೆಗೆಯಿರಿ ಅಂತ ಯಾರೂ ಬರೆದಿಲ್ಲ. ನಾವು ಬೆಳಗಿನ ರೌಂಡ್ಸ್‌ನಲ್ಲಿ ಒಂದು ಪ್ರಶ್ನೆ ಸೇರಿಸಿದೆವು: "ಡಾಕ್ಟ್ರೇ, ಇದು ಇವತ್ತೂ ಬೇಕಾ?" ಕೇಳುವುದು ಸಿಸ್ಟರ್ ಕೆಲಸ, ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆಯುವುದು ಡಾಕ್ಟರ್ ಕೆಲಸ. ಶುರುವಿನಲ್ಲಿ ಕೆಲವು ಡಾಕ್ಟರುಗಳಿಗೆ ಇದು ಹಿಡಿಸಲಿಲ್ಲ. ಹಿರಿಯ ಸರ್ಜನ್ ಒಬ್ಬರು ತಾವೇ "ಸಿಸ್ಟರ್, ಇವತ್ತು ಕೇಳ್ಲಿಲ್ಲ ನೀವು" ಅಂದ ಮೇಲೆ ಉಳಿದವರ ಮುಖ ಸಡಿಲವಾಯಿತು. ಡ್ರಿಪ್, ಇಂಜೆಕ್ಷನ್ ಕೊಡಲು ಕೈಯ ರಕ್ತನಾಳಕ್ಕೆ ಹಾಕಿದ ಕ್ಯಾನುಲಾಕ್ಕೂ ಇದೇ ಪ್ರಶ್ನೆ. ಹಾಕಿದ ತಾರೀಕು ಪ್ಲಾಸ್ಟರ್ ಮೇಲೆ ಕಾಣಬೇಕು, ಸುತ್ತ ಕೆಂಪಾಗಿದ್ದರೆ ಅಥವಾ ನೋವಿದ್ದರೆ ತಕ್ಷಣ ತೆಗೆಯಬೇಕು.

ಯೂರಿನ್ ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಇದನ್ನು ರೋಗಿಯ ಜೊತೆ ಇರುವವರಿಗೂ ಹೇಳಿಕೊಡಿ. ಸ್ಟ್ರೆಚರ್ ಮೇಲೆ ಕರೆದೊಯ್ಯುವಾಗ ಬ್ಯಾಗನ್ನು ಹೊಟ್ಟೆ ಮೇಲಿಟ್ಟರೆ ಮೂತ್ರ ವಾಪಸ್ ಹರಿಯುತ್ತದೆ ಅಂತ ಕಾರಣ ತಿಳಿಸಿದರೆ ಅವರು ನಮಗಿಂತ ಚೆನ್ನಾಗಿ ಕಾಯುತ್ತಾರೆ.

ಗ್ರೂಪ್ ಡಿ ಸಿಬ್ಬಂದಿಯನ್ನು ಟ್ರೈನಿಂಗಿಗೆ ಕರೆಯದೆ ಬಿಡುವುದು ನನಗೆ ಸಿಟ್ಟು ತರಿಸುವ ವಿಷಯ. ನೆಲದ ಮೇಲೆ ರಕ್ತ ಚೆಲ್ಲಿದರೆ ಮೊದಲು ಬರುವುದು ಅವರೇ. ಅದಕ್ಕೆ ಬೇಕಾದದ್ದು ಬ್ಲೀಚಿಂಗ್ ದ್ರಾವಣ: ಶೇ 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಲೀಟರ್ ನೀರಿಗೆ 33 ಗ್ರಾಂ ಹಾಕಿದರೆ ಶೇ 1ರ ಕ್ಲೋರಿನ್ ದ್ರಾವಣ. ಅಳೆಯಲು ಒಂದು ಚಮಚ ಗೊತ್ತು ಮಾಡಿಕೊಟ್ಟೆವು. ದಿನಾ ಹೊಸದಾಗಿ ಕಲಸಬೇಕು, ಮೊದಲು ರಕ್ತದ ಮೇಲೆ ಬಟ್ಟೆ ಹಾಕಿ ಆಮೇಲೆ ದ್ರಾವಣ ಸುರಿದು ಕನಿಷ್ಠ 10 ನಿಮಿಷ ಬಿಡಬೇಕು. ಇದೆಲ್ಲವನ್ನೂ ಅವರ ಜೊತೆ ನಿಂತು ಮಾಡಿ ತೋರಿಸಿದೆ. ಅವರ ಕೈಗೆ ದಪ್ಪ ರಬ್ಬರ್ ಗ್ಲೌಸ್ ಸಿಗುವ ತನಕ ಸ್ಟೋರಿನವರನ್ನು ನಾನು ಬಿಡಲಿಲ್ಲ, ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸುವ ತನಕವೂ ಅಷ್ಟೇ.