ಬೀಕರಿಗೆ ಅಂಟಿದ ಮೇಣದ ಜಿಡ್ಡು ಹೋಗಿದ್ದು ಹೀಗೆ

ಜೇನುಮೇಣ ಹಾಕಿ ಚರ್ಮಕ್ಕೆ ಹಚ್ಚುವ ಕ್ರೀಮ್ ಮಾಡಿದ ಗಾಜಿನ ಬೀಕರ್ ಎಷ್ಟು ತೊಳೆದರೂ ಒಳಗೆ ಬಿಳಿ ಜಿಡ್ಡಿನ ಪೊರೆ ಉಳಿಯುತ್ತಿತ್ತು. ಮುಂದಿನ ಕ್ರೀಮಿಗೂ ಹಳೇ ಎಣ್ಣೆಯ ಕಮಟು ವಾಸನೆ. ತಣ್ಣೀರು-ಸೋಪು, ವಿನೆಗರ್, ಅಡುಗೆ ಸೋಡಾ ಯಾವುದೂ ಕೆಲಸ ಮಾಡಲಿಲ್ಲ.

ಸರಿಹೋದದ್ದು ಕ್ರಮ ಬದಲಿಸಿದಾಗ. ಜೇನುಮೇಣ ಕರಗುವುದು ಸುಮಾರು 62–64 ಡಿಗ್ರಿಯಲ್ಲಿ. ಹಾಗಾಗಿ ತೊಳೆಯುವ ಮೊದಲು ಖಾಲಿ ಬೀಕರನ್ನು 70 ಡಿಗ್ರಿ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಮೇಣ ಕರಗಿದಾಗಲೇ ಟಿಶ್ಯೂನಿಂದ ಒರೆಸಿ. ಟಿಶ್ಯೂ ಕಸಕ್ಕೆ ಹಾಕಿ. ಸಿಂಕಿಗೆ ಹೋದ ಮೇಣ ಪೈಪಿನಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್. ಬ್ಲೆಂಡರಾದರೆ ಪ್ಲಗ್ ತೆಗೆದು, ಬ್ಲೇಡಿನ ಸಂದಿಗೆ ಸಣ್ಣ ಬ್ರಶ್.

ಪೂರ್ತಿ ಒಣಗಿದ ಮೇಲೆಯೇ ಸೂಕ್ಷ್ಮಜೀವಿ ಕೊಲ್ಲಲು ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ಪ್ರೇ ಮಾಡಿ, ಒಲೆಯಿಂದ ದೂರದಲ್ಲಿ. ಒರೆಸಬೇಡಿ, ತಾನೇ ಆರಲಿ. ಶೇ 99ರದ್ದು ಇನ್ನೂ ಒಳ್ಳೇದು ಅಲ್ವಾ ಅನ್ನಿಸುತ್ತದೆ. ಆದರೆ ಅದು ಸೂಕ್ಷ್ಮಜೀವಿ ಸಾಯುವ ಮೊದಲೇ ಆರಿಹೋಗುತ್ತದೆ.