ಬೀರ್‌-ಬಿಲ್ಲಿಂಗ್‌: ಹಾರಾಟ ಮೊದಲ ದಿನಕ್ಕಿರಲಿ, ಥುಕ್ಪಾ ಆಮೇಲೆ

ಮೊದಲ ಸಲ ಬೀರ್‌ಗೆ ಹೋದಾಗ ನಾನೊಂದು ಪೆದ್ದ ಕೆಲಸ ಮಾಡಿದ್ದೆ. ಹೋಳಿಗೆಯನ್ನು ಎಲೆಯ ತುದಿಗೆ ಸರಿಸಿಟ್ಟುಕೊಳ್ಳುವ ಮಕ್ಕಳ ಹಾಗೆ ಪ್ಯಾರಾಗ್ಲೈಡಿಂಗನ್ನು ಕೊನೆಯ ದಿನಕ್ಕೆ ಇಟ್ಟುಕೊಂಡೆ. ಆ ದಿನ ಬೆಳಗ್ಗೆಯೇ ಬೆಟ್ಟದ ಮೇಲೆ ಮೋಡ ಬಂದು ಕೂತಿತು. ಮಧ್ಯಾಹ್ನದವರೆಗೆ ಕಾದೆ. ಮೋಡ ಅಲ್ಲಾಡಲಿಲ್ಲ. ಸಂಜೆ ಬಸ್ಸು ಹತ್ತಿದೆ. ಎರಡನೇ ಸಲ ಇಡೀ ಲೆಕ್ಕಾಚಾರವನ್ನೇ ತಿರುಗಿಸಿದೆ. ಇಲ್ಲಿ ಬರೆಯುತ್ತಿರುವುದು ಆ ಎರಡನೇ ಸಲದ ಲೆಕ್ಕ.

ಬೀರ್‌ ಇರುವುದು ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯಲ್ಲಿ, ಧೌಲಾಧಾರ್‌ ಬೆಟ್ಟಸಾಲಿನ ಬುಡದಲ್ಲಿ. ಜಿಗಿಯುವ ಜಾಗ ಬಿಲ್ಲಿಂಗ್‌, ಸುಮಾರು 2,400 ಮೀಟರ್‌ ಎತ್ತರದಲ್ಲಿದೆ. ಇಳಿಯುವುದು ಸಾವಿರ ಮೀಟರ್‌ ಕೆಳಗೆ, ಬೀರ್‌ನ ಬಯಲಿನಲ್ಲಿ. ದಕ್ಷಿಣಕ್ಕೆ ಮುಖ ಮಾಡಿದ ಬೆಟ್ಟ ಬಿಸಿಲಿಗೆ ಕಾದು ಬಿಸಿಯಾಗುತ್ತದೆ. ಅಲ್ಲಿಂದ ಬಿಸಿ ಗಾಳಿ ಮೇಲೇಳುತ್ತದೆ. ಪೈಲಟ್‌ಗಳು ಅದನ್ನು ಥರ್ಮಲ್‌ ಅನ್ನುತ್ತಾರೆ. ಪ್ಯಾರಾಗ್ಲೈಡರ್‌ನ ಬಟ್ಟೆಯ ರೆಕ್ಕೆಯನ್ನು ಮೇಲಕ್ಕೆ ಎತ್ತುವುದು ಅದೇ. 2015ರಲ್ಲಿ ಪ್ಯಾರಾಗ್ಲೈಡಿಂಗ್‌ ವಿಶ್ವಕಪ್‌ ಇಲ್ಲಿಗೆ ಬಂದಿತ್ತು.

ಮೊದಲು ತಿಂಗಳು ನೋಡಿ

ಅಕ್ಟೋಬರ್‌, ನವೆಂಬರ್‌ ಬಹಳ ಒಳ್ಳೆಯ ಕಾಲ. ಮಾರ್ಚ್‌ನಿಂದ ಮೇವರೆಗೂ ಹೋಗಬಹುದು. ಜುಲೈ 15ರಿಂದ ಸೆಪ್ಟೆಂಬರ್‌ 15ರವರೆಗೆ ಮಳೆಗಾಲದ ನಿಷೇಧ ಇರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ 'ಬನ್ನಿ ಸರ್‌, ಹಾರಿಸ್ತೀವಿ' ಅಂದರೆ ಅವರ ಹತ್ತಿರ ಚಹಾ ಕೂಡ ಕುಡಿಯಬೇಡಿ.

ಬೆಂಗಳೂರಿನಿಂದ ಹೋಗುವವರಿಗೆ ದೆಹಲಿಯಿಂದ ರಾತ್ರಿ ಬಸ್ಸು ಸುಲಭ. ಸುಮಾರು 12 ಗಂಟೆಯ ದಾರಿ. ಟಿಬೆಟಿಯನ್ನರ ಬಡಾವಣೆ ಮಜ್ನೂ ಕಾ ಟೀಲಾದಿಂದಲೂ ಬಸ್ಸುಗಳು ಹೊರಡುತ್ತವೆ. ಸ್ವಲ್ಪ ಬೇಗ ಹೋದರೆ ಥುಕ್ಪಾ, ಅಂದರೆ ಟಿಬೆಟಿಯನ್ನರ ನೂಡಲ್ಸ್‌ ಸಾರು, ಅಲ್ಲೇ ಶುರುವಾಗುತ್ತದೆ. ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ ಅನ್ನುವವರಿಗೆ ಗಗ್ಗಲ್‌ನಲ್ಲಿ ಕಾಂಗ್ರಾ ವಿಮಾನ ನಿಲ್ದಾಣ ಇದೆ. ಕನಿಷ್ಠ ಮೂರು ದಿನ ಇಟ್ಟುಕೊಳ್ಳಿ.

ಹಾರಾಟವನ್ನು ಗೊತ್ತು ಮಾಡುವುದು

ಊರು ತಲುಪುವ ಮೊದಲೇ ಪೂರ್ತಿ ದುಡ್ಡು ಕಟ್ಟಬೇಡಿ. ಬೀರ್‌ನಲ್ಲಿ ಹೆಜ್ಜೆಗೊಂದು ಪ್ಯಾರಾಗ್ಲೈಡಿಂಗ್‌ ಅಂಗಡಿ ಇದೆ. ನಡೆದುಕೊಂಡು ಹೋಗಿ ಎರಡು ಮೂರು ಕಡೆ ಕೇಳಿ. ಮೊದಲು ದರ ಕೇಳಬೇಡಿ, ಪೈಲಟ್‌ ಯಾರು ಅಂತ ಕೇಳಿ. ಇನ್ನೊಬ್ಬರನ್ನು ಜೊತೆಗೆ ಕಟ್ಟಿಕೊಂಡು ಹಾರುವ ಟ್ಯಾಂಡಮ್‌ ಪೈಲಟ್‌ಗೆ ರಾಜ್ಯ ಪ್ರವಾಸೋದ್ಯಮ ಇಲಾಖೆಯ ಲೈಸೆನ್ಸ್‌ ಇರಲೇಬೇಕು. ತೋರಿಸಿ ಅಂದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮೀಸಲು ಪ್ಯಾರಾಚೂಟ್‌ ಇದೆಯಾ, ವಿಮೆ ಇದೆಯಾ ಅಂತಲೂ ಕೇಳಿ. ನಿಮ್ಮ ತೂಕವನ್ನು ಇದ್ದ ಹಾಗೇ ಹೇಳಿ. ಮದುವೆಯಾದ ಹೊಸತರ ತೂಕ ಅಲ್ಲ, ಇವತ್ತಿನದು. ರೆಕ್ಕೆಯ ಅಳತೆಯನ್ನು ಅದರ ಮೇಲೆಯೇ ಆರಿಸುವುದು.

ಬೆಳಗ್ಗೆ ಹಗುರವಾಗಿ ತಿನ್ನಿ. ಆಲೂ ಪರಾಠ ಇಳಿದ ಮೇಲಿರಲಿ. ಲೇಸ್‌ ಇರುವ ಶೂ, ಗಾಳಿ ತಡೆಯುವ ಜಾಕೆಟ್‌ ಬೇಕು. ಬಿಲ್ಲಿಂಗ್‌ಗೆ ಜೀಪಿನಲ್ಲಿ 14 ಕಿ.ಮೀ., ಎಲ್ಲವೂ ತಿರುವು. ಚಾರ್ಮಾಡಿ ಘಾಟಿಯಲ್ಲಿ ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿಯಿರಿ.

ಮೇಲೆ ತಲುಪಿದ ಕೂಡಲೇ ಹಾರಿಸಿಬಿಡುತ್ತಾರೆ ಅಂದುಕೊಳ್ಳಬೇಡಿ. ಪೈಲಟ್‌ಗಳು ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ನೋಡುತ್ತಾ ಸುಮ್ನೆ ಕೂತಿರುತ್ತಾರೆ. ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸಬೇಕು. ಬೆನ್ನ ಕಡೆಯಿಂದ ಬಂದರೆ ಟೇಕಾಫ್‌ ಇಲ್ಲ. ಅವರನ್ನು ಅವಸರ ಮಾಡಬೇಡಿ. ಗಾಳಿ ನೋಡಿ 'ಇವತ್ತು ಬೇಡ' ಅನ್ನುವ ಪೈಲಟ್‌ ಸಿಕ್ಕರೆ ಅವನನ್ನೇ ಮರುದಿನಕ್ಕೂ ಗೊತ್ತು ಮಾಡಿಕೊಳ್ಳಿ.

ಹಾರ್ನೆಸ್‌ ಕಟ್ಟಿದ ಮೇಲೆ ಎರಡು ತೊಡೆ, ಒಂದು ಎದೆ, ಮೂರೂ ಬಕಲ್‌ಗಳನ್ನು ನೀವೇ ಒಮ್ಮೆ ಎಳೆದು ನೋಡಿ. ಆಮೇಲೆ ಕೆಲಸ ಒಂದೇ, ಓಡುವುದು. ಹಿಂದಿನಿಂದ 'ಭಾಗೋ, ಭಾಗೋ, ಬೈಠನಾ ಮತ್‌' ಅಂತ ಕೂಗು ಕೇಳುತ್ತದೆ. ಓಡಿ, ಕೂರಬೇಡಿ ಅಂತ. ರೆಕ್ಕೆ ತಲೆಯ ಮೇಲೆ ಬಂದಾಗ ಯಾರೋ ಹಿಂದಕ್ಕೆ ಜಗ್ಗಿದ ಹಾಗಾಗುತ್ತದೆ. ಎಲ್ಲರೂ ತಪ್ಪು ಮಾಡುವುದು ಆಗಲೇ. ಹೆದರಿ ಕೂತುಬಿಡುತ್ತಾರೆ. ನನ್ನ ಮುಂದಿನವರು ಹಾಗೇ ಕೂತು, ಹುಲ್ಲಿನ ಮೇಲೆ ಜಾರುಬಂಡಿ ಆಡಿ, ಪೈಲಟ್‌ ಜೊತೆ ಮತ್ತೆ ಮೊದಲಿನಿಂದ ಶುರು ಮಾಡಿದರು. ಕಾಲಡಿಯ ನೆಲ ಹೋದ ಮೇಲೂ ಎರಡು ಹೆಜ್ಜೆ ಗಾಳಿಯಲ್ಲಿ ಓಡಿ.

ಆಮೇಲೆ ಪೈಲಟ್‌ ಹತ್ತಿರದ ಒಂದು ಸಣ್ಣ ಯಂತ್ರ 'ಪೀ ಪೀ' ಅನ್ನತೊಡಗುತ್ತದೆ. ಹೆದರಬೇಡಿ. ಮೇಲೇರುತ್ತಿದ್ದೀರಿ ಅಂತ ಅರ್ಥ. ಸದ್ದು ಬೇಗ ಬೇಗ ಬಂದಷ್ಟೂ ಏರುವ ವೇಗ ಜಾಸ್ತಿ. ನಮಗಿಂತ ಸ್ವಲ್ಪ ಮೇಲೆ ಒಂದು ರಣಹದ್ದು ಅದೇ ಗಾಳಿಯಲ್ಲಿ ಸುತ್ತುತ್ತಿತ್ತು, ಒಮ್ಮೆಯೂ ರೆಕ್ಕೆ ಬಡಿಯದೆ. ಪೈಲಟ್‌ ಅದನ್ನೇ ನೋಡಿಕೊಂಡು ತಿರುಗಿಸುತ್ತಿದ್ದ. ಕೊನೆಗೆ 'ಸ್ಟಂಟ್‌ ಮಾಡಲಾ?' ಅಂತ ಕೇಳುತ್ತಾರೆ. ಬೇಡ ಅನ್ನುವುದಕ್ಕೆ ನಾಚಿಕೆ ಯಾಕೆ? ಇಳಿಯುವಾಗ ಪೈಲಟ್‌ ಹೇಳಿದ ಕೂಡಲೇ ಕಾಲು ಮೇಲಕ್ಕೆತ್ತಿ.

ಇನ್ನು ಟಿಬೆಟಿಯನ್‌ ಬೀರ್‌

ಇಳಿದಾಯಿತು, ಅಥವಾ ಮೋಡ ಬಿಡಲಿಲ್ಲ. ಎರಡರಲ್ಲಿ ಯಾವುದಾದರೂ ಕಾಲೊನಿಯ ಕಡೆ ನಡೆಯಿರಿ. 1959ರ ನಂತರ ಟಿಬೆಟ್‌ ಬಿಟ್ಟು ಬಂದವರು 1960ರ ದಶಕದಲ್ಲಿ ಕಟ್ಟಿಕೊಂಡ ಊರಿದು. ನಮಗೆ ಇದು ತೀರಾ ಹೊಸದಲ್ಲ. ಬೈಲಕುಪ್ಪೆಯಲ್ಲಿ ಅವರು ಕಾಡು ಕಡಿದು ಹೊಲ ಮಾಡಲು ಶುರು ಮಾಡಿದ್ದೂ ಅದೇ ದಶಕದಲ್ಲಿ. ಆದರೆ ಅಲ್ಲಿ ಜೋಳದ ಹೊಲಗಳ ನಡುವೆ ಹರಡಿಕೊಂಡ ಊರು, ಇಲ್ಲಿ ಮಂತ್ರಧ್ವಜಗಳ ಕೆಳಗೆ ಒತ್ತಾಗಿ ಕೂತ ಓಣಿಗಳು.

ಚೋಕ್ಲಿಂಗ್‌ ಮಠಕ್ಕೆ ಬೆಳಗ್ಗೆ ಬೇಗ ಹೋಗಿ. ವಯಸ್ಸಾದವರು ಜಪಮಾಲೆ ಹಿಡಿದು ಪ್ರದಕ್ಷಿಣೆ ಹಾಕುತ್ತಿರುತ್ತಾರೆ. ಅದಕ್ಕೆ ಕೋರಾ ಅನ್ನುತ್ತಾರೆ. ನಮ್ಮ ಹಾಗೇ ಬಲಕ್ಕೆ ಸುತ್ತುವುದು. ನೀವೂ ಸೇರಿಕೊಳ್ಳಬಹುದು, ಮುಂದೆ ನುಗ್ಗಬೇಡಿ ಅಷ್ಟೇ. ಒಬ್ಬ ಅಜ್ಜಿ ನನ್ನ ಮುಂದೆ ಮಂತ್ರ ತುಂಬಿದ ಮಣಿಚಕ್ರಗಳನ್ನು ಒಂದೊಂದಾಗಿ ತಿರುಗಿಸುತ್ತಾ ಹೋಗುತ್ತಿದ್ದರು. ನಾನು ಒಂದನ್ನು ಬಿಟ್ಟುಬಿಟ್ಟೆ. ಅವರು ಹಿಂದಿರುಗಿ ನೋಡಿ, ಎರಡು ಹೆಜ್ಜೆ ವಾಪಸ್‌ ಬಂದು, ಅದನ್ನೂ ತಿರುಗಿಸಿ ಹೋದರು. ಏನೂ ಮಾತಾಡಲಿಲ್ಲ.

ಒಳಗೆ ಪೂಜೆ ನಡೆಯುತ್ತಿದ್ದರೆ ಶೂ ಬಿಚ್ಚಿ, ಗೋಡೆಯ ಪಕ್ಕ ಕೂರಿ. ಬುದ್ಧನ ಕಡೆ ಕಾಲು ಚಾಚಬೇಡಿ. ಉದ್ದನೆಯ ಹಾಳೆಗಳ ಗ್ರಂಥಗಳನ್ನು ದಾಟಬೇಡಿ. ಫೋಟೊಗೆ ಕೇಳಿಯೇ ಕೈ ಹಾಕಿ. ಕಿರಿಯ ಸನ್ಯಾಸಿಗಳ ಮುಖಕ್ಕೆ ಮೊಬೈಲ್‌ ಹಿಡಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅರ್ಧ ದಿನ ಶೆರಾಬ್ಲಿಂಗ್‌ ಮಠಕ್ಕೆ ಕೊಡಿ. ಟ್ಯಾಕ್ಸಿಯಲ್ಲಿ ಹೋಗಬೇಕು. ಪೈನ್‌ ಕಾಡಿನ ನಡುವೆ ಇದೆ, ತಾಯ್‌ ಸಿತು ರಿನ್ಪೋಛೆ ಎಂಬ ಟಿಬೆಟಿಯನ್‌ ಬೌದ್ಧ ಗುರುಗಳ ಪೀಠ. ಇಲ್ಲಿನ ಭಿಕ್ಷುಗಳ ಮಂತ್ರಪಠಣದ ಆಲ್ಬಮ್‌ಗೆ 2004ರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದಿತ್ತು. ಬೀರ್‌ನಲ್ಲಿಯೇ ಇರುವ ಡೀರ್‌ ಪಾರ್ಕ್‌ ಸಂಸ್ಥೆಯಲ್ಲಿ ಬೌದ್ಧ ದರ್ಶನದ ಪಾಠಗಳು ನಡೆಯುತ್ತವೆ. ಅದು ಪಾಠದ ಜಾಗ, ಹೋಟೆಲ್‌ ಅಲ್ಲ.

ತಿನ್ನಲು ಮೊಮೊ ಎಲ್ಲರಿಗೂ ಗೊತ್ತು. ಬಿಡಿ, ಲಾಫಿಂಗ್‌ ತಿನ್ನಿ. ಪಿಷ್ಟದಿಂದ ಮಾಡಿದ ತಣ್ಣಗಿನ ಹಾಳೆ, ಮೇಲೆ ಬೆಳ್ಳುಳ್ಳಿ ನೀರು, ಕೆಂಪು ಖಾರದೆಣ್ಣೆ. ಬೆಣ್ಣೆ ಚಹಾವನ್ನು ಚಹಾ ಅಂದುಕೊಂಡು ಕುಡಿದರೆ ಮುಖ ಸಿಂಡರಿಸುತ್ತೀರಿ, ಅದರಲ್ಲಿ ಉಪ್ಪು ಇದೆ. ಸಾರು ಅಂದುಕೊಂಡು ಕುಡಿಯಿರಿ, ಎರಡನೇ ಲೋಟಕ್ಕೆ ಹಿಡಿಸುತ್ತದೆ. ನಾನು ಲಾಫಿಂಗ್‌ ತಿಂದ ಅಂಗಡಿಯ ಹೆಂಗಸು ಯಾವ ಊರು ಅಂತ ಹಿಂದಿಯಲ್ಲಿ ಕೇಳಿದರು. ಬೆಂಗಳೂರು ಅಂದೆ. ಮುಂಡಗೋಡದಲ್ಲಿ ಓದಿದವರಂತೆ. 'ಖಾರ ಜಾಸ್ತಿ ಹಾಕ್ಲಾ?' ಅಂದರು ಕನ್ನಡದಲ್ಲಿ.

ಕೊನೆಯ ದಿನಕ್ಕೆ ಬೈಜನಾಥದ ಶಿವ ದೇವಸ್ಥಾನ ಸಾಕು. 1204ರಲ್ಲಿ ಕಟ್ಟಿದ ಕಲ್ಲಿನ ಗುಡಿ. ಗೋಡೆಯ ಕೆತ್ತನೆ ನೋಡಲು ಒಂದು ಗಂಟೆ ಬೇಕು. ದೆಹಲಿ ಬಸ್ಸುಗಳು ಹೊರಡುವುದು ಸಂಜೆ. ಅಷ್ಟರಲ್ಲಿಯೂ ಹಾರಲು ಆಗಿಲ್ಲವೇ? ಟಿಕೆಟ್‌ ಒಂದು ದಿನ ಮುಂದಕ್ಕೆ ಹಾಕಿ.