ಮರದ ಮೈಯ ಮಾರಿಸ್ ಟ್ರಾವೆಲರ್: ಹಳೆಯ ಸ್ಟೇಷನ್ ವ್ಯಾಗನ್‌ಗೆ ಮರುಜೀವ ಕೊಡುವುದು ಹೇಗೆ?

ಬ್ರಿಟನ್ನಿನ ಹಳೆಯ ಕಾರು ಮಾರಿಸ್ ಮೈನರ್ ಟ್ರಾವೆಲರ್ ಕಂಡವರೆಲ್ಲ ಮೊದಲು ಹೊಗಳುವುದು ಹಿಂಭಾಗದ ಮರವನ್ನು. ಕೊಳ್ಳುವವರು ಮೊದಲು ಅನುಮಾನಿಸಬೇಕಾದದ್ದೂ ಅದನ್ನೇ. ಅಮೆರಿಕದ ಎಷ್ಟೋ ಸ್ಟೇಷನ್ ವ್ಯಾಗನ್‌ಗಳಲ್ಲಿ ಮರದಂತೆ ಕಾಣುವುದು ಉಕ್ಕಿನ ಮೇಲೆ ಅಂಟಿಸಿದ ಬರೀ ಹಾಳೆ. ಟ್ರಾವೆಲರ್‌ನದು ಹಾಗಲ್ಲ. ಮುಂಬಾಗಿಲಿನಿಂದ ಹಿಂದಕ್ಕೆ ಇಡೀ ಮೈಯನ್ನು ಹೊತ್ತು ನಿಂತಿರುವುದು ಆಶ್ ಮರದ ಚೌಕಟ್ಟು. ಅಲ್ಯೂಮಿನಿಯಂ ಚಾವಣಿ, ಪಕ್ಕದ ತಗಡು, ಜಾರುವ ಕಿಟಕಿ, ಹಿಂದಿನ ಜೋಡಿ ಬಾಗಿಲು ಎಲ್ಲವೂ ಅದನ್ನೇ ನಂಬಿಕೊಂಡಿವೆ. ಗಾಡಿ ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ಬ್ರಿಟನ್ನಿನ ಎಂಒಟಿ ತಪಾಸಣೆಯಲ್ಲೂ ಈ ಮರ ಗಾಡಿಯ ರಚನೆಯ ಭಾಗವೇ. ಅದು ಕೊಳೆತಿದ್ದರೆ ಗಾಡಿ ಫೇಲು.

ಅಲೆಕ್ ಇಸಿಗೋನಿಸ್ ವಿನ್ಯಾಸದ ಮೈನರ್ 1948ರಲ್ಲಿ ಬಂತು; ಟ್ರಾವೆಲರ್ ಸೇರಿಕೊಂಡದ್ದು 1953ರಲ್ಲಿ. 1971ರವರೆಗೂ ಅದರ ತಯಾರಿಕೆ ನಡೆಯಿತು. ಮೊದಲಿಗೆ 803 ಸಿಸಿ ಎಂಜಿನ್, 1956ರಿಂದ 948, 1962ರಿಂದ 1098. ಇಲ್ಲಿ ಕೊಟ್ಟಿರುವ ಅಳತೆಗಳು 1098 ಸಿಸಿ ಗಾಡಿಯವು. ಹಿಂದಿನ ಮಾದರಿ ಕೈಗೆ ಬಂದರೆ ಅದರದ್ದೇ ಕೈಪಿಡಿ ನೋಡಿಕೊಳ್ಳಿ.

ದಬ್ಬಣ ಹಿಡಿದು ಪರೀಕ್ಷೆ

ಹೊಳೆಯುವ ವಾರ್ನಿಷ್‌ಗೆ ಮರುಳಾಗಬೇಡಿ. ಕೊಳೆತ ಮರದ ಮೇಲೆ ಪುಟ್ಟಿ ತುಂಬಿ ಬಣ್ಣ ಬಳಿದರೆ ಫೋಟೋದಲ್ಲಿ ಏನೂ ಗೊತ್ತಾಗುವುದಿಲ್ಲ. ಮಾಲೀಕರ ಒಪ್ಪಿಗೆ ಪಡೆದು ದಬ್ಬಣದ ಮೊನೆಯಿಂದ ಮರವನ್ನು ಒತ್ತಿ ನೋಡಿ. ಒಳ್ಳೆಯ ಆಶ್ ಮರದಲ್ಲಿ ಮೊನೆ ಒಂದು ಮಿಲಿಮೀಟರ್ ಇಳಿಯುವುದೂ ಕಷ್ಟ. ಕೊಳೆತಿದ್ದರೆ ಮೊನೆ ಸಲೀಸಾಗಿ ಒಳಗೆ ಹೋಗುತ್ತದೆ, ಹೊರಗೆಳೆದಾಗ ತೇವದ ಪುಡಿ ಅಂಟಿಕೊಂಡು ಬರುತ್ತದೆ.

ಎಲ್ಲಿ ಒತ್ತಬೇಕು ಎನ್ನುವುದು ಮುಖ್ಯ. ಪಕ್ಕದ ಕಿಟಕಿಗಳ ಜಾರುಪಟ್ಟಿಯಲ್ಲಿ ನೀರು ನಿಲ್ಲುತ್ತದೆ, ಪಾಚಿ ಬೆಳೆಯುತ್ತದೆ. ಹಾಗಾಗಿ ಕಿಟಕಿಯ ಕೆಳಗಿನ ಅಡ್ಡಪಟ್ಟಿ ಮೊದಲು. ಆಮೇಲೆ ಹಿಂದಿನ ಚಕ್ರದ ಮೇಲಿನ ಬಾಗಿದ ತುಂಡು, ಹಿಂದಿನ ಮೂಲೆಗಂಬಗಳ ಬುಡ, ಜೋಡಿ ಬಾಗಿಲುಗಳ ಕೆಳಪಟ್ಟಿ. ಕಂಬ ಮತ್ತು ಅಡ್ಡಪಟ್ಟಿ ಕೂಡುವ ಕೀಲುಗಳಲ್ಲಿ ಕಪ್ಪು ಗೆರೆ ಕಂಡರೆ ಅಂಟು ಬಿಟ್ಟಿದೆ, ನೀರು ಒಳಗೆ ಇಳಿದಿದೆ ಎಂದೇ ಅರ್ಥ. ಕೊನೆಯದಾಗಿ ಹಿಂಬಾಗಿಲನ್ನು ಅರ್ಧ ತೆರೆದು ಮೆಲ್ಲಗೆ ಮೇಲಕ್ಕೆತ್ತಿ. ಬಾಗಿಲಿನ ಜೊತೆ ಕಂಬವೂ ಅಲುಗಿದರೆ ಆ ಪಕ್ಕದ ಚೌಕಟ್ಟು ಪೂರ್ತಿ ಬದಲಾಗಬೇಕು.

ಒಂದೆರಡು ಕಡೆ ಮಾತ್ರ ಹಾಳಾಗಿದ್ದರೆ ಆ ತುಂಡನ್ನಷ್ಟೇ ಕತ್ತರಿಸಿ ಹೊಸದನ್ನು ಕೂಡಿಸಬಹುದು. ಒಂದೇ ಪಕ್ಕದಲ್ಲಿ ಮೂರು ಕಡೆಗಿಂತ ಹೆಚ್ಚು ಕೊಳೆತಿದ್ದರೆ ತೇಪೆ ಹಾಕುವುದು ದಂಡ. ಬ್ರಿಟನ್ನಿನಲ್ಲಿ ಇಡೀ ಪಕ್ಕದ ಚೌಕಟ್ಟನ್ನೇ ಕೀಲು ಕೂಡಿಸಿ ಸಿದ್ಧ ಮಾಡಿ ಮಾರುವ ಮರಗೆಲಸದವರಿದ್ದಾರೆ. ಅದನ್ನು ತರಿಸುವುದೇ ಲೇಸು.

ಮೊದಲು ಉಕ್ಕು, ಆಮೇಲೆ ಮರ

ಈ ಕ್ರಮ ತಪ್ಪಿದರೆ ಎಲ್ಲವೂ ಸೊಟ್ಟ. ಮರದ ಚೌಕಟ್ಟು ಕೂರುವುದು ಉಕ್ಕಿನ ನೆಲದ ಅಂಚಿನ ಮೇಲೆ. ಆ ಅಂಚು ತುಕ್ಕಿನಿಂದ ಕುಸಿದಿರುವಾಗ ಹೊಸ ಮರ ಕೂರಿಸಿ, ನಂತರ ಕೆಳಗೆ ವೆಲ್ಡಿಂಗ್ ಮಾಡಿ ನೆಲವನ್ನು ಸರಿಪಡಿಸಿದರೆ ಬಾಗಿಲಿನ ಸಂದುಗಳೆಲ್ಲ ಬದಲಾಗುತ್ತವೆ. ವೆಲ್ಡಿಂಗ್ ಕಿಡಿ ಬಿದ್ದು ಹೊಸ ಮರ ಸುಡುವ ಅಪಾಯ ಬೇರೆ.

ಗಾಡಿಯ ಅಡಿ ಮಲಗಿ ಇವನ್ನೆಲ್ಲ ಸುತ್ತಿಗೆಯಿಂದ ತಟ್ಟಿ ನೋಡಿ: ಬಾಗಿಲ ಕೆಳಗಿನ ಸಿಲ್‌ಗಳು, ಜಾಕ್ ಕೊಡುವ ಜಾಗ, ಗೇರ್‌ಬಾಕ್ಸ್ ಕೆಳಗಿನ ಅಡ್ಡತೊಲೆ, ಹಿಂದಿನ ಲೀಫ್ ಸ್ಪ್ರಿಂಗ್ ಸಿಕ್ಕಿಸುವ ಬ್ರಾಕೆಟ್‌ಗಳು. ಅಡ್ಡತೊಲೆಯನ್ನು ಹಗುರವಾಗಿ ಕಾಣಬೇಡಿ. ಮುಂಚಕ್ರಗಳಿಗೆ ಸ್ಪ್ರಿಂಗಿನಂತೆ ತಿರುಚಿಕೊಳ್ಳುವ ಸರಳುಗಳಾದ ಟಾರ್ಷನ್ ಬಾರ್‌ಗಳ ಹಿಂತುದಿಯನ್ನು ಹಿಡಿದಿರುವುದು ಅದೇ. ಸಿಲ್ ಕತ್ತರಿಸುವ ಮೊದಲು ಬಾಗಿಲಿನ ತೆರವಿಗೆ ಅಡ್ಡಲಾಗಿ ಕಬ್ಬಿಣದ ಸರಳನ್ನು ತಾತ್ಕಾಲಿಕವಾಗಿ ವೆಲ್ಡ್ ಮಾಡಿ. ಒಮ್ಮೆಗೆ ಒಂದೇ ಪಕ್ಕ ಬಿಚ್ಚಿ. ಹಳೆಯ ತಗಡಿನ ಮೇಲೆ ಹೊಸ ತಗಡು ಹೊದಿಸುವ ಕೆಲಸವನ್ನು ಒಪ್ಪಿಕೊಳ್ಳಬೇಡಿ, ಅವೆರಡರ ನಡುವೆ ನೀರು ಸಿಕ್ಕಿಕೊಂಡು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ಸಿಲ್‌ಗಳ ಟೊಳ್ಳಿಗೆ ಮೇಣದ ದ್ರವ ಸಿಂಪಡಿಸಿ.

ಚೌಕಟ್ಟು ಬಿಚ್ಚಿ ಕೂಡಿಸುವುದು

ಹಳೆಯ ಚೌಕಟ್ಟು ಎಷ್ಟೇ ಹಾಳಾಗಿದ್ದರೂ ಹೊಸದು ಕೂತು ಗಟ್ಟಿಯಾಗುವವರೆಗೆ ಎಸೆಯಬೇಡಿ. ಅದೇ ನಿಮ್ಮ ನಕ್ಷೆ. ಬಿಚ್ಚುವ ಮುನ್ನ ಪ್ರತಿ ಕೀಲಿನ ಫೋಟೋ ತೆಗೆದುಕೊಳ್ಳಿ. ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ, ಬಲದಿಂದ ಎಡಕ್ಕೆ ಕರ್ಣ ಅಳೆದು ಬರೆದಿಡಿ. ಹಿಂಬಾಗಿಲ ತೆರವಿನಲ್ಲಿ ಈ ಎರಡು ಕರ್ಣಗಳು ಸಮವಿದ್ದರೆ ಮಾತ್ರ ಬಾಗಿಲು ಸರಿಯಾಗಿ ಮುಚ್ಚುತ್ತದೆ.

ಚಾವಣಿಗೆ ಒಳಗಿನಿಂದ ಹಲಗೆ ಇಟ್ಟು, ಕೆಳಗೆ ಹೊಂದಿಸಬಹುದಾದ ಆಸರೆ ಕೊಡಿ. ಅಲ್ಯೂಮಿನಿಯಂ ತೆಳು, ಆಸರೆಯ ತುದಿ ನೇರವಾಗಿ ತಾಗಿದರೆ ಗುಳಿ ಬೀಳುತ್ತದೆ. ಒಂದು ಪಕ್ಕ ಬಿಚ್ಚಿ, ಹೊಸದು ಕೂರಿಸಿ, ನಂತರವಷ್ಟೇ ಇನ್ನೊಂದು ಪಕ್ಕಕ್ಕೆ ಕೈಹಾಕಿ.

ತುಂಡುಗಳನ್ನು ನೀವೇ ಮಾಡುವುದಾದರೆ ಗಂಟಿಲ್ಲದ, ನೇರ ಎಳೆಯ, ಚೆನ್ನಾಗಿ ಒಣಗಿದ ಆಶ್ ಬೇಕು. ತೇವಮಾಪಕದಲ್ಲಿ 12ರಿಂದ 15 ಶೇಕಡ ತೋರಿಸಲಿ. 20 ದಾಟಿದ ಮರವನ್ನು ಮುಟ್ಟಬೇಡಿ, ಒಣಗುತ್ತ ಕೀಲು ಬಿಡುತ್ತದೆ. ಬಾಗಿದ ತುಂಡುಗಳಲ್ಲಿ ಎಳೆಯ ದಿಕ್ಕು ನೋಡಿ ಕತ್ತರಿಸಿ. ಎಳೆ ಅಡ್ಡಡ್ಡ ತುಂಡಾದ ಕಡೆ ಸ್ಕ್ರೂ ಬಿಗಿಯುತ್ತಿದ್ದಂತೆ ಮರ ಸೀಳುತ್ತದೆ. ಬಾಗಿಲುಗಳನ್ನೂ ಸೇರಿಸಿ ಎಲ್ಲವನ್ನೂ ಅಂಟಿಲ್ಲದೆ, ಬರೀ ಕ್ಲಾಂಪ್ ಹಾಕಿ ಒಮ್ಮೆ ಪೂರ್ತಿ ಕೂಡಿಸಿ ನೋಡಿ. ಇದಕ್ಕೆ ಒಂದಿಡೀ ದಿನ ಹಿಡಿದರೂ ಬೇಸರ ಬೇಡ. ಅಂಟು ಗಟ್ಟಿಯಾದ ಮೇಲೆ ಎರಡು ಮಿಲಿಮೀಟರ್ ತಪ್ಪನ್ನೂ ತಿದ್ದಲಾಗದು.

ಅಂಟು ನೀರಿಗೆ ಜಗ್ಗದ್ದಾಗಿರಲಿ: ಎಪಾಕ್ಸಿ ಅಥವಾ ರಿಸಾರ್ಸಿನಾಲ್. ಒಳಾಂಗಣ ಪೀಠೋಪಕರಣಕ್ಕೆ ಬಳಸುವ ಬಿಳಿ ಅಂಟು ಇಲ್ಲಿ ಬಾಳುವುದಿಲ್ಲ. ಎಪಾಕ್ಸಿ ಹಾಕಿದ ಕೀಲನ್ನು ಅತಿಯಾಗಿ ಬಿಗಿಯಬೇಡಿ, ಅಂಟೆಲ್ಲ ಹೊರಗೆ ಹರಿದು ಕೀಲು ಒಣಗಿ ಹೋಗುತ್ತದೆ.

ಸ್ಕ್ರೂ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಸಾಮಾನ್ಯ ಉಕ್ಕಿನ ಸ್ಕ್ರೂ ತುಕ್ಕು ಹಿಡಿದಾಗ ಕಬ್ಬಿಣದ ಅಂಶ ಮರದೊಳಗಿನ ಟ್ಯಾನಿನ್ ಜೊತೆ ಸೇರಿ ಸುತ್ತಲೂ ಕಪ್ಪು ಕಲೆ ಹರಡುತ್ತದೆ. ಮರದಿಂದ ಮರಕ್ಕೆ ಹಿತ್ತಾಳೆ ಸರಿ. ಅಲ್ಯೂಮಿನಿಯಂ ತಾಗುವ ಕಡೆ ಹಿತ್ತಾಳೆ ಬೇಡ. ತೇವ ಸೇರಿದೊಡನೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯತೊಡಗುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಕ್ರೂ ಬಳಸಿ, ಅದರ ಸುತ್ತಲೂ ಸೀಲಂಟ್ ಹಚ್ಚಿ.

ಕಲೆ ತೆಗೆದು ವಾರ್ನಿಷ್ ಬಳಿಯುವುದು

ಗಟ್ಟಿಯಾಗಿದ್ದು ಬರೀ ಕಪ್ಪಾಗಿರುವ ಹಳೆಯ ಮರವನ್ನು ಉಳಿಸಿಕೊಳ್ಳಬಹುದು. ಹಳೆಯ ವಾರ್ನಿಷ್ ಪೂರ್ತಿ ಕೆರೆದು ತೆಗೆಯಿರಿ. ಒಂದು ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ, ಪ್ಲಾಸ್ಟಿಕ್ ಪಾತ್ರೆಯಲ್ಲಿಟ್ಟುಕೊಂಡು ಬ್ರಷ್‌ನಿಂದ ಹಚ್ಚಿ. ಕಬ್ಬಿಣದ ಕಲೆ ಕಣ್ಣೆದುರೇ ಮಾಸುತ್ತದೆ. ಶಿಲೀಂಧ್ರದಿಂದ ಬಂದ ಕಪ್ಪು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆಕ್ಸಾಲಿಕ್ ಆಮ್ಲ ವಿಷ. ಕೈಗವಸು, ಕನ್ನಡಕ ಕಡ್ಡಾಯ. ಎರಡು ಮೂರು ಸಲ ಶುದ್ಧ ನೀರಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಮುಖವಾಡ ಹಾಕಿಕೊಂಡೇ ಉಪ್ಪುಕಾಗದ ಉಜ್ಜಿ; ಮರದಲ್ಲಿ ಉಳಿದ ಆಮ್ಲದ ಧೂಳು ಮೂಗು, ಗಂಟಲನ್ನು ಸುಡುತ್ತದೆ.

ಮರಸಂರಕ್ಷಕ ದ್ರವವನ್ನು ತುಂಡುಗಳ ಕೊಯ್ದ ತುದಿಗಳಿಗೆ ಧಾರಾಳವಾಗಿ ಕುಡಿಸಿ. ಆಶ್ ನೋಡಲು ಗಟ್ಟಿ, ಆದರೆ ತೇವಕ್ಕೆ ಬಹಳ ಬೇಗ ಸೋಲುವ ಮರ, ನೀರು ಹೆಚ್ಚಾಗಿ ಹೀರುವುದು ಈ ತುದಿಗಳಿಂದಲೇ. ಅಂಟು ಬೀಳುವ ಜಾಗಗಳಿಗೆ ಮಾತ್ರ ಸಂರಕ್ಷಕ ತಾಗಬಾರದು.

ವಾರ್ನಿಷ್‌ನ ಮೊದಲ ಲೇಪಕ್ಕೆ ಐದನೇ ಒಂದು ಪಾಲು ತಿನ್ನರ್ ಬೆರೆಸಿ ತೆಳುವಾಗಿಸಿ, ಮರದೊಳಗೆ ಇಳಿಯಲಿ. ಮೇಲೆ ಐದಾರು ಲೇಪ; ಪ್ರತಿಯೊಂದರ ನಡುವೆ 320 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ಹೊರಗೆ ಕಾಣದ ಮುಖಗಳಿಗೂ ಅಷ್ಟೇ ಲೇಪ ಬೇಕು. ಹೊರಮುಖಕ್ಕೆ ಮಾತ್ರ ಬಳಿದರೆ ಹಿಂದಿನಿಂದ ತೇವ ಹೀರಿಕೊಂಡು ಮರ ಉಬ್ಬಿ ವಾರ್ನಿಷ್ ಹಪ್ಪಳದಂತೆ ಏಳುತ್ತದೆ. ಗಾಡಿ ಸದಾ ಬಯಲಲ್ಲಿ ನಿಲ್ಲುವುದಾದರೆ ಹೊಳಪಿನ ವಾರ್ನಿಷ್‌ಗಿಂತ ಮರಕ್ಕೆ ಉಸಿರಾಡಲು ಬಿಡುವ ವುಡ್‌ಸ್ಟೇನ್ ಮೇಲು: ಹೊಳಪು ಕಡಿಮೆ, ಆದರೆ ಸುಲಿಯುವುದಿಲ್ಲ, ಮೇಲಿಂದ ಮೇಲೆ ಬಳಿಯಬಹುದು. ಕಿಟಕಿಯ ಜಾರುಪಟ್ಟಿ ಕೂರಿಸುವಾಗ ನೀರು ಹರಿದು ಹೋಗುವ ತೂತುಗಳು ಸೀಲಂಟ್‌ನಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಮುಂಚಕ್ರದ ಕೀಲು ಮತ್ತು ಬ್ರೇಕು

ಮೈನರ್‌ನ ಅತಿ ದೊಡ್ಡ ಅಪಾಯ ಮುಂಚಕ್ರದ ಕೆಳಗಿನ ಟ್ರನಿಯನ್. ಚಕ್ರ ಹೊತ್ತ ಕಾಲಿನ ಕೆಳತುದಿಯ ತಿರುಪಿನ ಮರೆ ಇದರೊಳಗೆ ತಿರುಗುತ್ತಿರುತ್ತದೆ. ಗ್ರೀಸ್ ಕಾಣದೆ ಮರೆ ಸವೆದರೆ ಕಾಲು ಕಳಚಿಕೊಂಡು ಚಕ್ರ ಮಡಚಿ ಬೀಳುತ್ತದೆ. ಪ್ರತಿ 1,000 ಮೈಲಿಗೆ (1,600 ಕಿ.ಮೀ.) ಗ್ರೀಸ್ ಕೊಡಿ. ಕೊಡುವಾಗ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ ಚಕ್ರ ನೇತಾಡುವಂತಿರಲಿ. ಭಾರ ಮೇಲಿದ್ದರೆ ಗ್ರೀಸ್ ಬೇಕಾದ ಕಡೆಗೇ ಸೇರುವುದಿಲ್ಲ. ಹಳೆಯ ಗ್ರೀಸ್ ಹೊರಗೆ ಬಂದು ಹೊಸದು ಇಣುಕುವವರೆಗೆ ಒತ್ತಿ. ಎತ್ತಿದ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಕೆಳಗಿನ ಕೀಲಿನಲ್ಲಿ ಸಡಿಲ ಕಂಡರೆ ಕಾಲು, ಟ್ರನಿಯನ್ ಎರಡನ್ನೂ ಬದಲಿಸಿ. ಎಡ ಬಲದವು ಅದಲು ಬದಲಾಗಬಾರದು.

ಬ್ರೇಕ್ ನಾಲ್ಕೂ ಕಡೆ ಡ್ರಮ್, ಎಲ್ಲಕ್ಕೂ ಒಂದೇ ದ್ರವದ ಮಾರ್ಗ. ಎಲ್ಲಾದರೂ ಸೋರಿದರೆ ಪೆಡಲ್ ಪೂರ್ತಿ ಹೋದಂತೆಯೇ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್‌ಗಳು, ಮೂರು ರಬ್ಬರ್ ಹೋಸ್‌ಗಳನ್ನು ಕೇಳದೆ ಬದಲಿಸಿ. ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ಚಾಸಿಯೊಳಗೆ ಅಡಗಿದೆ, ದ್ರವ ತುಂಬುವ ಮುಚ್ಚಳ ಕಾರ್ಪೆಟ್ ಅಡಿಯಲ್ಲಿದೆ. ಕಣ್ಣಿಗೆ ಬೀಳದ್ದರಿಂದ ಮರೆತುಹೋಗುವುದೇ ಹೆಚ್ಚು, ತಿಂಗಳಿಗೊಮ್ಮೆ ತೆರೆದು ನೋಡಿ.

ಎಂಜಿನ್

ಎ-ಸರಣಿಯ ಎಂಜಿನ್ ಸರಳ, ಬಿಡಿಭಾಗ ಸಿಗುತ್ತವೆ. ತಣ್ಣಗಿದ್ದಾಗ ವಾಲ್ವ್ ಅಂತರ 0.012 ಇಂಚು (0.30 ಮಿ.ಮೀ.), ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ 0.015 ಇಂಚು (0.38 ಮಿ.ಮೀ.), ಪ್ಲಗ್ 0.025 ಇಂಚು (0.64 ಮಿ.ಮೀ.). 20ಡಬ್ಲ್ಯು-50 ಆಯಿಲ್ ಫಿಲ್ಟರ್ ಸೇರಿ ಸುಮಾರು 3.7 ಲೀಟರ್ ಹಿಡಿಯುತ್ತದೆ; 3,000 ಮೈಲಿಗೊಮ್ಮೆ (ಸುಮಾರು 4,800 ಕಿ.ಮೀ.) ಬದಲಿಸಿ. ಸೀಸವಿಲ್ಲದ ಪೆಟ್ರೋಲ್‌ನಲ್ಲಿ ಹಳೆಯ ಎಕ್ಸಾಸ್ಟ್ ವಾಲ್ವ್ ಸೀಟ್ ಸವೆಯುತ್ತದೆ. ವಾಲ್ವ್ ಅಂತರ ಪದೇ ಪದೇ ಕಡಿಮೆಯಾಗುತ್ತಿದ್ದರೆ ಅದೇ ಕಾರಣ. ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಹಾಕಿಸಿ. 2021ರಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇಕಡ 10ರವರೆಗೆ ಎಥನಾಲ್ ಬೆರೆತದ್ದು. ಎಥನಾಲ್ ಹಳೆಯ ರಬ್ಬರನ್ನು ತಿನ್ನುವುದರಿಂದ ಎಥನಾಲ್ ಕಡಿಮೆಯಿರುವ ಇ5 ತುಂಬಿಸಿ, ಪೆಟ್ರೋಲ್ ಹೋಸ್‌ಗಳನ್ನು ಹೊಸದಾಗಿಸಿ. ಇನ್ನೊಂದು ಮಾತು: ಮೂಲ ವೈರಿಂಗ್‌ನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಮೈಗೆ ಸೇರಿರುತ್ತದೆ. ಅದನ್ನು ನೋಡದೆ ಈಗಿನ ರೇಡಿಯೋ ಜೋಡಿಸಿದರೆ ಸುಟ್ಟುಹೋಗುತ್ತದೆ.

ಓಡಿಸುವಾಗ, ನಿಲ್ಲಿಸುವಾಗ

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಮಾರ್ಪಾಡಾಗದ ಗಾಡಿಗೆ ಎಂಒಟಿ ಕಡ್ಡಾಯವಲ್ಲ. ಆದರೂ ವರ್ಷಕ್ಕೊಮ್ಮೆ ಮಾಡಿಸಿ. ಟ್ರನಿಯನ್, ಮರ ಎರಡನ್ನೂ ಇನ್ನೊಂದು ಕಣ್ಣು ನೋಡಿದಂತಾಗುತ್ತದೆ. ರಸ್ತೆ ತೆರಿಗೆ ಶೂನ್ಯವಾದರೂ ಹಿಸ್ಟಾರಿಕ್ (ಹಳೆಯ ವಾಹನಗಳ) ವರ್ಗಕ್ಕೆ ಅರ್ಜಿ ಹಾಕಿಕೊಳ್ಳಬೇಕು.

ಮೊದಲ ಗೇರಿಗೆ ಸಿಂಕ್ರೊಮೆಶ್ (ಹಲ್ಲುಗಳ ವೇಗ ಹೊಂದಿಸಿ ಗೇರ್ ಸಲೀಸಾಗಿ ಕೂರಿಸುವ ಏರ್ಪಾಡು) ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆ ಹಾಕಿ. ಗಂಟೆಗೆ 50–55 ಮೈಲಿಯಲ್ಲಿ ಹಾಯಾಗಿ ಸಾಗುತ್ತದೆ, ಸ್ಟೀರಿಂಗ್ ಈಗಿನ ಕಾರುಗಳನ್ನೂ ನಾಚಿಸುವಷ್ಟು ಚುರುಕು. ಮುಂದಿನ ವಾಹನದಿಂದ ದೂರ ಮಾತ್ರ ಎರಡು ಪಟ್ಟು ಇಟ್ಟುಕೊಳ್ಳಿ. ಹಿಂದಿನ ಸೀಟು ಮಡಚಿದರೆ ಉದ್ದದ ಸಮತಟ್ಟು ನೆಲ ಸಿಗುತ್ತದೆ. ಭಾರದ ಸಾಮಾನನ್ನು ಸೀಟಿನ ಬೆನ್ನಿಗೆ ಒತ್ತಿ ಇಡಿ, ಹಿಂಬಾಗಿಲಿಗೆ ಒರಗಿಸಿದರೆ ತಿರುವುಗಳಲ್ಲಿ ಭಾರವೆಲ್ಲ ಮರದ ಕಂಬಗಳ ಮೇಲೆ ಬೀಳುತ್ತದೆ.

ಶೆಡ್ಡಿನಲ್ಲಿ ಗಾಳಿಯಾಡಲಿ. ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಬಿಗಿದರೆ ಒಳಗೆ ಬೆವರಿ ಮಳೆಗಿಂತ ಹೆಚ್ಚು ಹಾನಿ ಮಾಡುತ್ತದೆ. ತೊಳೆಯಲು ಒತ್ತಡದ ನೀರು ಬೇಡ, ಅದು ಕೀಲಿನೊಳಗೆ ನುಗ್ಗುತ್ತದೆ. ಬಕೆಟ್, ಮೆದು ಬ್ರಷ್ ಸಾಕು. ಕಿಟಕಿಯ ಜಾರುಪಟ್ಟಿಯಲ್ಲಿ ಪಾಚಿ ಕಂಡೊಡನೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ, ತೂತುಗಳಿಗೆ ತೆಳು ತಂತಿ ತೂರಿಸಿ. ಚಳಿಗಾಲಕ್ಕೆ ಮುನ್ನ ವಾರ್ನಿಷ್‌ನ ಬಿರುಕುಗಳನ್ನು ಹುಡುಕಿ ಅಲ್ಲಿಗಷ್ಟೇ ಎರಡು ಲೇಪ ಕೊಡಿ. ರಸ್ತೆಗೆ ಉಪ್ಪು ಹಾಕುವ ದಿನಗಳಲ್ಲಿ ಗಾಡಿ ತೆಗೆದಿದ್ದರೆ ಅಡಿಭಾಗವನ್ನು ಅಂದೇ ಸಿಹಿನೀರಿನಿಂದ ತೊಳೆಯಿರಿ, ಹಿಂದಿನ ಸ್ಪ್ರಿಂಗ್ ಬ್ರಾಕೆಟ್‌ಗಳ ಸುತ್ತ ಕೂತ ಕೆಸರನ್ನು ಬೆರಳಿನಿಂದ ಕೆರೆದು ತೆಗೆಯಿರಿ.